ಅಮ್ಮನ ಬೊಗಸೆಯ ಸೌಟು

ಈಚೆಗೆ ಊಟ ಮಾಡಿ ಎದ್ದ ಮೇಲೂ ನನಗೆ ಹಸಿವಾಗುತ್ತದೆ. ಇದನ್ನು ದಿನಚರಿಯಲ್ಲಿ ಬರೆಯುವುದಕ್ಕೂ ನಾಚಿಕೆ. ಪದವಿ ಮುಗಿಸಿ, ಕೆಲಸ ಸಿಗದೆ ಮನೆಯಲ್ಲಿ ಕೂತಿರುವ ಹುಡುಗಿಗೆ ಇಷ್ಟೊಂದು ಹಸಿವು ಯಾಕಾಗಬೇಕು? ಅದೂ ಬೀದಿಗೆಲ್ಲ ಊಟ ಹಾಕುವ ಮನೆಯಲ್ಲಿ? ಹೊಟ್ಟೆಯಲ್ಲಿ ಹುಳ ಆಗಿರಬೇಕು ಅಂದುಕೊಂಡೆ. ಆಮೇಲೆ, ದುಡಿಯದವರಿಗೆ ಹಸಿವು ಜಾಸ್ತಿಯೇನೋ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ. ನೀರು ಕುಡಿದು ಸುಮ್ಮನಾದೆ.

ನಮ್ಮ ಮನೆಯ ಮುಂದಿನ ಕೋಣೆಯೇ ಮೆಸ್. ಎರಡು ಉದ್ದನೆಯ ಮೇಜು, ಅದರ ಎರಡೂ ಕಡೆ ಬೆಂಚು, ಕಿಟಕಿಯ ಪಕ್ಕ ಕೈ ತೊಳೆಯಲು ನಲ್ಲಿ. ಮಧ್ಯಾಹ್ನ ಸುತ್ತಮುತ್ತ ದುಡಿಯುವವರು ಬರುತ್ತಿದ್ದರು. ಎದುರು ಸಾಲಿನ ಟೈಲರ್, ಆಸ್ಪತ್ರೆಯ ನರ್ಸ್, ಗ್ಯಾರೇಜಿನವರು, ಪ್ರೆಸ್ಸಿನವರು. ಸಾಮಾನು ತರುವುದು ಅಪ್ಪ. ಅಪ್ಪನ ತಾಯಿ, ನಮ್ಮಜ್ಜಿ, ಬಾಗಿಲ ಬಳಿ ಕೂತು ತರಕಾರಿ ಹೆಚ್ಚುತ್ತಾಳೆ, ಜೊತೆಗೆ ಬೀದಿಯ ಸುದ್ದಿಯನ್ನೂ. ತಟ್ಟೆ ಇಡುವುದು, ನೀರು ಹಾಕುವುದು, ತಟ್ಟೆ ತೆಗೆಯುವುದು ನನ್ನ ಪಾಲು. ಮಾತಾಡದೆ ಈ ಮೂರನ್ನೂ ಮಾಡುತ್ತೇನಾದ್ದರಿಂದ ಅಜ್ಜಿ ನನಗೆ ಗುಮ್ಮಿ ಎಂದು ಹೆಸರಿಟ್ಟಿದ್ದಾಳೆ. ಬಡಿಸುವುದನ್ನು ಮಾತ್ರ ಅಮ್ಮ ಇದುವರೆಗೆ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಹೊಸಬರು ಯಾರಾದರೂ "ಇನ್ನೊಂದು ಸ್ವಲ್ಪ ಅನ್ನ" ಎಂದು ಕೈ ಎತ್ತಿದರೆ ಅಮ್ಮನ ಮುಖ ಸಪ್ಪಗಾಗುತ್ತಿತ್ತು. "ಬಾಯಿಬಿಟ್ಟು ಕೇಳೋವರೆಗೂ ಕಾಯೋದಾದ್ರೆ ನಾನ್ಯಾಕೆ ಇಲ್ಲಿ ನಿಂತಿರಬೇಕು?" ಎಂದು ಒಳಗೆ ಬಂದು ಗೊಣಗುತ್ತಿದ್ದಳು. ಹಳಬರು ಹೊಸಬರಿಗೆ ಕಣ್ಣು ಮಾಡುತ್ತಿದ್ದರು: "ಅಮ್ಮಾವ್ರಿಗೆ ಗೊತ್ತಾಗುತ್ತೆ, ಸುಮ್ನಿರಿ." ಹಾಗಾಗಿ ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಅಮ್ಮನಿಗೆ ಗೊತ್ತಾಗುತ್ತಿತ್ತು ಕೂಡ. ಅದಕ್ಕೆ ಕಾರಣ ಅವಳ ಕೈಯಲ್ಲಿದ್ದ ಸೌಟು.

ಆ ಸೌಟು ಮಾಡಿಕೊಟ್ಟವರು ನನ್ನ ಸೋದರಮಾವ, ಅಮ್ಮನ ಅಣ್ಣ. ಮರದ ಅಡುಗೆ ಸಾಮಾನು ಮಾಡುವುದೇ ಅವರ ಕಸುಬು. ಸೌಟು, ಲಟ್ಟಣಿಗೆ, ಮಣೆ, ಉಪ್ಪಿನ ಬಟ್ಟಲು. ಮೆಸ್ ಶುರುಮಾಡುವಾಗ ಅವರು ಬಂದು, "ಹಸಿದು ಬಂದವರಿಗೆ ಒಂದು ಸಲಕ್ಕೆ ಎಷ್ಟು ಹಾಕ್ತೀಯ? ಕೈಯಲ್ಲೇ ಹಾಕಿ ತೋರಿಸು" ಅಂದರಂತೆ. ಅಮ್ಮ ಬೊಗಸೆ ತುಂಬ ಅನ್ನ ತೆಗೆದು ತಟ್ಟೆಗೆ ಹಾಕಿದಳಂತೆ. ಮಾವ ಆ ಗುಡ್ಡೆ ಅಲುಗದಂತೆ ತಟ್ಟೆಯನ್ನು ತಮ್ಮ ಶೆಡ್ಡಿಗೆ ಒಯ್ದು, ಅಷ್ಟೇ ಹಿಡಿಯುವ ಸೌಟು ಕೆತ್ತಿದರಂತೆ.

"ಕೆತ್ತಿ ಮುಗಿಸಿ ಆ ಅನ್ನಾನೂ ಅಲ್ಲೇ ತಿಂದ, ಉಪ್ಪೂ ಇಲ್ಲದೆ," ಎಂದು ಅಮ್ಮ ಆಗಾಗ ಹೇಳಿ ನಗುತ್ತಿದ್ದಳು.

ಸೌಟು ಸವೆದರೆ ಮಾವ ಅದನ್ನು ಒಯ್ದು, ಪಕ್ಕದಲ್ಲಿಟ್ಟುಕೊಂಡು ಹೊಸದು ಮಾಡುತ್ತಿದ್ದರು. ಮರ ಬದಲಾಗುತ್ತಿತ್ತು, ಅಳತೆ ಬದಲಾಗುತ್ತಿರಲಿಲ್ಲ. ಒಬ್ಬರಿಗೆ ಎರಡು ಸೌಟು ಅನ್ನ, ಒಂದು ಸೌಟು ಬೇಳೆ; ಮನೆಯವರಿಗೂ ಅಷ್ಟೇ. ಅಮ್ಮ ಒಲೆಯ ಮೇಲೆ ಅಕ್ಕಿ ಇಡುವುದೂ ಅದೇ ಅಂದಾಜಿನಲ್ಲಿ.

ಕಳೆದ ಬೇಸಿಗೆಯಲ್ಲಿ ಸೌಟಿನ ಕುತ್ತಿಗೆ ಬಿರುಕು ಬಿಟ್ಟಿತು. ಮಾವ ಬಂದು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ನೀರಲ್ಲಿ ನೆನೆಸಿಟ್ರಾ?"

"ಯಾರೂ ನೆನೆಸಿಲ್ಲ. ಅದಕ್ಕೂ ವಯಸ್ಸಾಗಲ್ವೇನಪ್ಪ?" ಎಂದಳು ಅಜ್ಜಿ. "ನನ್ನ ಸೊಂಟ ನೋಡು."

"ಯಾವಾಗ ಕೊಡ್ತೀಯಣ್ಣ?" ಅಮ್ಮ ಕೇಳಿದಳು.

"ಹುಣಸೆ ದಿಮ್ಮಿ ಇನ್ನೂ ಹಸಿ ಇದೆ. ಒಣಗಬೇಕು. ಈಗಲೇ ಕೆತ್ತಿದ್ರೆ ಆಮೇಲೆ ಸೊಟ್ಟ ಆಗುತ್ತೆ. ಅಲ್ಲೀವರೆಗೆ ಸ್ಟೀಲ್ ಲೋಟದಲ್ಲಿ ಬಡಿಸು. ಎರಡು ಲೋಟ ಅಂದ್ರೆ ಒಂದು ಸೌಟು. ಇದು ಅಳತೆಗೆ ನನ್ನ ಹತ್ರ ಇರ್ಲಿ."

ಅಮ್ಮ ಲೋಟದಲ್ಲಿ ಬಡಿಸಿದಳು. ಬಿಸಿ ಅನ್ನಕ್ಕೆ ಲೋಟ ಕಾದು ಬೆರಳಿನ ತುದಿ ಕೆಂಪಾಗುತ್ತಿತ್ತು. ಊಟದ ಹೊತ್ತು ಮುಗಿದ ಮೇಲೆ ನಲ್ಲಿಯ ಕೆಳಗೆ ಕೈ ಹಿಡಿದು ನಿಲ್ಲುತ್ತಿದ್ದಳು. ಅದನ್ನು ಅಪ್ಪನಿಂದ ನೋಡಲಾಗಲಿಲ್ಲ. ಒಂದು ಸಂಜೆ ಮಾರುಕಟ್ಟೆಯಿಂದ ಬಂದವರೇ ಒಂದು ಪ್ಲಾಸ್ಟಿಕ್ ಪೊಟ್ಟಣವನ್ನು ಮೇಜಿನ ಮೇಲೆ ಇಟ್ಟರು.

"ಆರು ಸೌಟು! ನಿಮ್ಮಣ್ಣನ ಒಂದರ ಬೆಲೆಗೆ ಆರು. ಹಡಗಲ್ಲಿ ಬಂದಿರೋ ಮಾಲು."

"ಮರದ್ದೇನ್ರೀ?"

"ಮರದ ಥರದ್ದು."

"ಥರದ್ದು ಅಂದ್ರೆ?" ಅಜ್ಜಿ ಕುತ್ತಿಗೆ ಚಾಚಿದಳು.

"ಮೇಲೆ ಮರದ ಗೆರೆ ಕಾಣಿಸ್ತಿದೆಯಲ್ಲಮ್ಮ."

"ಗೆರೆ ನನ್ನ ಮುಖದಲ್ಲೂ ಇದೆ. ನಾನೇನು ಮರವೇನೋ?"

ಅಮ್ಮ ನಕ್ಕಳು. ಒಂದನ್ನು ಕೈಯಲ್ಲಿ ಹಿಡಿದು ಆಡಿಸಿ ನೋಡಿದಳು. "ಹಗುರ ಇದೆ. ಕೈ ನೋಯಲ್ಲ," ಎಂದಳು. ಕಂದು ಬಣ್ಣ, ಮಿರಿಮಿರಿ ಹೊಳಪು, ಹೊಸ ಚಪ್ಪಲಿಯಂಥ ವಾಸನೆ. ಬಾಯಿ ಅಗಲ. ಮೇಲಿನಿಂದ ನೋಡಿದರೆ ಹಳೆಯದಕ್ಕಿಂತ ದೊಡ್ಡದೇ ಕಾಣುತ್ತಿತ್ತು. ಮಾರನೆಯ ದಿನ ಒಲೆಯ ಮೇಲಿನ ಮೊಳೆಗೆ ಎರಡು ಹೊಸ ಸೌಟು ನೇತುಬಿದ್ದವು.

ಮಾವ ವಾರಕ್ಕೊಮ್ಮೆ ನಮ್ಮಲ್ಲಿ ಊಟಕ್ಕೆ ಬರುವುದು ವಾಡಿಕೆ. ಅತ್ತೆ ತೀರಿಕೊಂಡ ಮೇಲೆ ಮನೆಯಲ್ಲಿ ಅವರೊಬ್ಬರೇ. ಆ ಸಲ ಬಾಗಿಲು ತೆಗೆದವಳು ನಾನು. ಅವರ ಹೆಗಲ ಚೀಲದಿಂದ ಹಳೆಯ ಬಟ್ಟೆಯಲ್ಲಿ ಸುತ್ತಿದ ಹಿಡಿಯೊಂದು ಹೊರಗೆ ಇಣುಕುತ್ತಿತ್ತು. ಈಗಷ್ಟೇ ಸವರಿದ ಎಣ್ಣೆಯ ವಾಸನೆ ಬಂತು. ಮಾವ ನನ್ನನ್ನು ನೋಡಿ ಹುಬ್ಬು ಕುಣಿಸಿದರು. ಅಮ್ಮನಿಗೆ ಹೇಳಬೇಡ ಎಂಬಂತೆ ತುಟಿಯ ಮೇಲೆ ಬೆರಳಿಟ್ಟರು. ಹೆಜ್ಜೆ ಸದ್ದಾಗದಂತೆ ಅಡುಗೆಮನೆಯವರೆಗೆ ಹೋದರು. ಬಾಗಿಲಲ್ಲೇ ನಿಂತರು. ಅವರ ಕಣ್ಣು ಮೊಳೆಯ ಮೇಲಿತ್ತು.

ಅಮ್ಮ ಒಲೆಯ ಕಡೆ ಮುಖ ಮಾಡಿದ್ದಳು. "ಬಂದ್ಯಾಣ್ಣ? ಕೂತ್ಕೋ. ಸೌಟಿಗೇನೂ ಅವಸರ ಮಾಡ್ಬೇಡ, ಇವರು ಅದೇನೋ ತಂದುಹಾಕಿದ್ದಾರೆ."

"ಒಳ್ಳೇದಾಯ್ತು ಬಿಡು," ಎಂದರು ಮಾವ. "ದಿಮ್ಮಿ ಇನ್ನೂ ಒಣಗಿಲ್ಲ."

ಹಾಗೆ ಹೇಳುತ್ತ ಆ ಹಿಡಿಯನ್ನು ಚೀಲದೊಳಕ್ಕೆ ಒತ್ತಿದರು. ತಿರುಗುವಾಗ ನನ್ನ ಕಣ್ಣಿಗೆ ಕಣ್ಣು ಸಿಕ್ಕಿತು. ನಾನು ಕೈಯಲ್ಲಿದ್ದ ಲೋಟವನ್ನು ನೋಡಿದೆ.

ಊಟದ ಮಧ್ಯೆ ಅಪ್ಪ ತಮಾಷೆ ಮಾಡಿದರು. "ಭಾವ, ನಿಮ್ಮ ಶೆಡ್ಡಿಗೆ ಇನ್ನು ರಜಾ."

"ರಜಾನೇ," ಎಂದು ಮಾವ ನಕ್ಕರು. ತಟ್ಟೆಯಲ್ಲಿ ಒಂದು ಅಗುಳೂ ಬಿಡದೆ ತಿಂದು ಎದ್ದರು.

ಗೇಟಿನವರೆಗೆ ನಾನು ಹಿಂದೆಯೇ ಹೋದೆ. ಮಾವ, ಅದನ್ನು ಕೊಟ್ಟು ಹೋಗಿ, ಎಂಬ ಮಾತು ಗಂಟಲವರೆಗೆ ಬಂದಿತ್ತು. "ಹುಷಾರಾಗಿ ಹೋಗಿ ಮಾವ," ಎಂದೆ. ಮುಂದಿನ ವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. "ಕೆಲಸ ಬಿದ್ದಿರಬೇಕು," ಎಂದಳು ಅಮ್ಮ. ನಾನು ತಟ್ಟೆ ಜೋಡಿಸುತ್ತಿದ್ದೆ, ಜೋಡಿಸುತ್ತಲೇ ಇದ್ದೆ.

ಅಷ್ಟರಲ್ಲಿ ಅನ್ನ ಉಳಿಯತೊಡಗಿತು. ಊಟದ ಹೊತ್ತು ಮುಗಿದ ಮೇಲೆ ಅಮ್ಮ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತ ನಿಲ್ಲುತ್ತಿದ್ದಳು. "ಇವತ್ತೂ ಉಳೀತು. ಎಲ್ಲರಿಗೂ ಎರಡೆರಡು ಸೌಟು ಹಾಕಿದೀನಿ."

"ಜನರ ಹೊಟ್ಟೆ ಸಣ್ಣ ಆಗಿದೆ," ಎಂದರು ಅಪ್ಪ. "ಈಗ ಎಲ್ಲರಿಗೂ ತೂಕ ಇಳಿಸೋ ಹುಚ್ಚು. ಅಕ್ಕಿ ಕಮ್ಮಿ ಹಾಕು, ಅಷ್ಟೇ."

ಕೆಲವು ದಿನ ಪಕ್ಕದ ಮನೆಯ ಕೋಳಿಗಳು ಕೊಬ್ಬಿದವು. ಆಮೇಲೆ ಅಮ್ಮ ಅಕ್ಕಿ ಕಮ್ಮಿ ಮಾಡಿದಳು. ನನ್ನ ಹಸಿವು ಶುರುವಾದದ್ದು ಆ ದಿನಗಳಲ್ಲೇ ಎಂದು ಈಗ ಗೊತ್ತಾಗುತ್ತದೆ. ಆಗ ಗೊತ್ತಾಗಲಿಲ್ಲ. ಆಗ ಕಂಡದ್ದೆಲ್ಲ ಬಿಡಿಬಿಡಿಯಾಗಿತ್ತು. ಅಪ್ಪನ ಅಂಗಿ ಒಗೆಯಲು ತೆಗೆದುಕೊಂಡರೆ ಜೇಬಿನ ತುಂಬ ಕಡಲೆಕಾಯಿ ಸಿಪ್ಪೆ. ಅಜ್ಜಿಯ ದಿಂಬಿನ ಕೆಳಗೆ ಬಿಸ್ಕತ್ತಿನ ಪೊಟ್ಟಣ.

"ಯಾಕಜ್ಜಿ ಇದು?"

"ಮಾತ್ರೆ ಖಾಲಿ ಹೊಟ್ಟೇಲಿ ತಗೋಬಾರ್ದಂತೆ."

"ಊಟ ಆದ್ಮೇಲೆ ತಗೊಳ್ಳೋದಲ್ವಾ ನೀನು?"

"ಓಹೋ, ಬಾಯಿ ಬಂತು ಗುಮ್ಮಿಗೆ. ಪೊಟ್ಟಣ ಅಲ್ಲೇ ಇಡು."

ಒಂದು ಮಧ್ಯಾಹ್ನ ಸೋಪು ತರಲು ಮೂಲೆಯ ಬೇಕರಿಯ ಪಕ್ಕದ ಅಂಗಡಿಗೆ ಹೋದಾಗ ಬೇಕರಿಯೊಳಗೆ ಟೈಲರ್ ನಿಂತಿದ್ದರು. ನಮ್ಮ ಬೆಂಚಿನಿಂದ ಎದ್ದು ಹೋಗಿ ಹೆಚ್ಚು ಹೊತ್ತಾಗಿರಲಿಲ್ಲ. ಕೈಯಲ್ಲಿ ಅರ್ಧ ಬನ್ನು. ನನ್ನನ್ನು ಕಂಡು ಅದನ್ನು ಬೆನ್ನ ಹಿಂದೆ ಸರಿಸಿದರು.

"ನಾಯಿಗೆ ಅಂತ ತಗೊಂಡೆ," ಎಂದರು.

ಅವರ ಬಳಿ ನಾಯಿ ಇಲ್ಲವೆಂದು ನನಗೂ ಗೊತ್ತಿತ್ತು. ನನಗೆ ಗೊತ್ತೆಂದು ಅವರಿಗೂ ಗೊತ್ತಿತ್ತು. ಅವರ ಮೀಸೆಯಲ್ಲಿ ಬನ್ನಿನ ಚೂರು ಸಿಕ್ಕಿಕೊಂಡಿತ್ತು. ನಾನು ತಲೆ ತಗ್ಗಿಸಿ ಸೋಪು ಕೊಂಡು ಬಂದೆ.

ಸೌಟುಗಳೂ ಉಳಿಯಲಿಲ್ಲ. ಮೊದಲನೆಯದರ ಹಿಡಿ ಅನ್ನದ ಪಾತ್ರೆಯೊಳಗೇ ಕಳಚಿತು. ಎರಡನೆಯದರ ಹೊಳಪು ಸಿಪ್ಪೆಯಂತೆ ಏಳತೊಡಗಿತು. ಗ್ಯಾರೇಜಿನವರೊಬ್ಬರು ಬೇಳೆಯಿಂದ ಕಂದು ಬಣ್ಣದ ತೆಳು ಪೊರೆಯನ್ನು ಎರಡು ಬೆರಳಲ್ಲಿ ಎತ್ತಿ, "ಅಮ್ಮಾವ್ರೇ, ಇದು ಜಿರಳೆ ರೆಕ್ಕೆ ಅಲ್ಲ ತಾನೇ?" ಎಂದು ಕೇಳಿದರು. ಅಮ್ಮ ಆ ತಟ್ಟೆ ಬದಲಿಸಿ ಒಳಗೆ ಬಂದು ಸೌಟನ್ನು ಕಸದ ಬುಟ್ಟಿಗೆ ಎಸೆದಳು.

"ಎಷ್ಟನೇದು ಇದು?" ಅಜ್ಜಿ ಕೇಳಿದಳು.

"ಇನ್ನೂ ಇವೆಯಲ್ಲಮ್ಮ," ಎಂದು ಅಪ್ಪ ಪೊಟ್ಟಣದಿಂದ ಮತ್ತೊಂದನ್ನು ತೆಗೆದುಕೊಟ್ಟರು. "ಅದಕ್ಕೇ ಅಲ್ವಾ ಆರು ಇರೋದು."

"ನಿನ್ನ ಭಾವ ಮಾಡಿದ್ದು ವರ್ಷಗಟ್ಟಲೆ ಬಂತು. ಈ ಬುಟ್ಟೀಲಿರೋದು ತಿಂಗಳು ಕೂಡ ಬರಲಿಲ್ಲ. ಎಲ್ಲಿ ಸುರೀತೀಯೋ ಇದನ್ನ? ಕೊಳೆಯೋದೂ ಇಲ್ಲ, ಉರಿಯೋದೂ ಇಲ್ಲ."

"ನಿನಗೆ ಹೊಸದು ಏನು ಬಂದ್ರೂ ತಕರಾರು."

"ಸೊಸೆ ಬಂದಾಗ ತಕರಾರು ಮಾಡಿದ್ನಾ?"

"ಮಾಡಿದ್ರಿ ಅತ್ತೆ," ಎಂದಳು ಅಮ್ಮ. ನಾವೆಲ್ಲ ಒಟ್ಟಿಗೆ ನಕ್ಕದ್ದು ಅದೇ ಕೊನೆ ಎಂದು ತೋರುತ್ತದೆ.

ನರ್ಸ್ ಮೊದಲು ಮೆಸ್ ಬಿಟ್ಟರು. ಡ್ಯೂಟಿ ಬದಲಾಯಿತು ಎಂದರು. ಆಮೇಲೆ ಗ್ಯಾರೇಜಿನವರು ಒಟ್ಟಾಗಿ ಬಿಟ್ಟರು. ಒಂದು ಮೇಜಿನ ಬೆಂಚುಗಳು ಪೂರ್ತಿ ಖಾಲಿಯಾದವು. ಆದರೂ ನಾನು ದಿನವೂ ಅವನ್ನು ಒರೆಸುತ್ತಿದ್ದೆ. ಒಂದು ಬೆಳಿಗ್ಗೆ ಅಜ್ಜಿ ಬೀನ್ಸ್ ಮುರಿಯುತ್ತ, ಯಾರ ಮುಖವನ್ನೂ ನೋಡದೆ ಹೇಳಿದಳು.

"ನರ್ಸಮ್ಮ ಆಚೆ ಬೀದಿಯ ಮೆಸ್ಸಿಗೆ ಹೋಗ್ತಾಳೆ. ಡ್ಯೂಟಿ ಗೀಟಿ ಏನೂ ಬದಲಾಗಿಲ್ಲ."

"ಹೋಗ್ಲಿ ಬಿಡಿ," ಎಂದಳು ಅಮ್ಮ.

"ಜನ ಏನಂತಾರೆ ಗೊತ್ತಾ? ಸೊಸೆ ಕೈ ಬಿಗಿ ಮಾಡಿದ್ಲು ಅಂತಾರೆ."

ಅಮ್ಮ ಸೌಟನ್ನು ಕೆಳಗಿಟ್ಟಳು. "ಯಾರು? ನಾನಾ?"

"ನಾನಲ್ಲಮ್ಮ ಹೇಳ್ತಿರೋದು, ಬೀದಿ ಹೇಳ್ತಿರೋದು."

"ನಾನು ಕೈ ಬಿಗಿ ಮಾಡಿದ್ನಾ? ಅವತ್ತೂ ಎರಡು ಸೌಟು, ಇವತ್ತೂ ಎರಡೇ ಸೌಟು. ಒಬ್ಬರಿಗಾದ್ರೂ ಒಂದು ಸೌಟು ಕಮ್ಮಿ ಹಾಕಿದ್ರೆ ಈ ಕೈ ಬಿದ್ದುಹೋಗಲಿ!"

"ಬೆಳಿಗ್ಗೆ ಬೆಳಿಗ್ಗೆ ಏನು ಮಾತು ಅದು?" ಅಪ್ಪ ಒಳಗೆ ಬಂದರು. "ಜನ ನೂರು ಅಂತಾರೆ."

"ನೂರು ಅನ್ನಲಿ. ಕೈರುಚಿ ಹೋಯ್ತು ಅಂದ್ರೆ ಒಪ್ಕೋತೀನಿ, ವಯಸ್ಸಾಯ್ತು ಅಂದ್ರೂ ಒಪ್ಕೋತೀನಿ. ಅನ್ನಕ್ಕೆ ಕೈ ಬಿಗಿ ಅಂದ್ರೆ ನಾನು ಆ ಬೆಂಚುಗಳ ಮುಂದೆ ಹೇಗೆ ನಿಲ್ಲಲಿ? ಈ ತಿಂಗಳು ಮುಗೀಲಿ. ಬಾಗಿಲು ಹಾಕ್ಬಿಡ್ತೀನಿ."

"ಬಾಗಿಲು ಹಾಕಿ ಏನು ಮಾಡ್ತೀಯ?"

"ನಿಮ್ಮ ಆರು ಸೌಟು ಇಟ್ಕೊಂಡು ಆಟ ಆಡ್ತೀನಿ."

ಅಪ್ಪನ ಕೈ ಜೇಬಿಗೆ ಹೋಯಿತು, ಕಡಲೆಕಾಯಿಯ ಸದ್ದಾಯಿತು, ಕೈ ಹೊರಗೆ ಬಂತು. ಅಮ್ಮ ಅವತ್ತು ಎಂದಿನಂತೆಯೇ ಅಡುಗೆ ಮಾಡಿದಳು. ಬಡಿಸುವಾಗ ಮಾತ್ರ ಪ್ರತಿಯೊಬ್ಬರ ತಟ್ಟೆಯ ಮುಂದೆ, ಬೆಂಚಿಗೆಲ್ಲ ಕೇಳುವಂತೆ, "ಒಂದು, ಎರಡು" ಎಂದು ಎಣಿಸಿದಳು. ಆ ಎಣಿಕೆಯನ್ನು ಕೇಳಲಾಗದೆ ನಾನು ಹಿತ್ತಲಿಗೆ ಹೋದೆ. ಎರಡೇ ಸೌಟು, ಎರಡೇ ಸೌಟು ಎಂದು ತಲೆಯೊಳಗೆ ಸುತ್ತುತ್ತಿತ್ತು. ಮಾವನ ಚೀಲದಿಂದ ಇಣುಕಿದ್ದ ಆ ಹಿಡಿ ನೆನಪಾಯಿತು. ಕೈ ಒರೆಸಿಕೊಂಡು ಮಾವನ ಮನೆಗೆ ಹೊರಟೆ.

ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ಹಳೆಯ ಟಯರುಗಳನ್ನು ಸೂರಿನವರೆಗೆ ಪೇರಿಸಿದ್ದರು. ನೆಲದ ಬಿರುಕುಗಳಲ್ಲಿ ಮಾತ್ರ ಇನ್ನೂ ಮರದ ಹೊಟ್ಟು ಉಳಿದಿತ್ತು. ಮಾವ ಮನೆಯ ಮೆಟ್ಟಿಲ ಮೇಲೆ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ಮೈಮೇಲೆ ನೀಲಿ ಅಂಗಿ, ಜೇಬಿನ ಮೇಲೆ ಯಾವುದೋ ಪೀಠೋಪಕರಣದ ಅಂಗಡಿಯ ಹೆಸರು.

"ಬಾ ಪುಟ್ಟಿ. ಅಂಗಿ ಹೇಗಿದೆ? ಈ ವಯಸ್ಸಲ್ಲಿ ಯೂನಿಫಾರ್ಮು."

"ಶೆಡ್ಡು, ಮಾವ?"

"ಬಾಡಿಗೆಗೆ ಕೊಟ್ಟೆ. ಈಗ ತಿರುಪು ತಿರುಗಿಸೋ ಕೆಲಸ. ಪೆಟ್ಟಿಗೇಲಿ ಹಲಗೆ ಬರುತ್ತೆ, ತೂತೂ ಅವರೇ ಕೊರೆದಿರ್ತಾರೆ. ನಾವು ಕೂಡಿಸಿ ಕೊಟ್ರೆ ಮಂಚ."

"ಉಳಿ, ಬಾಚಿ ಎಲ್ಲ?"

"ಕೇಳಿದವರಿಗೆ ಕೊಟ್ಟೆ. ಒಬ್ಬನೇ ಕೂತು ಮಸೆದು ಮಸೆದು ಇಟ್ಕೊಂಡು ಏನು ಮಾಡ್ಲಿ?" ಬೂಟಿನ ತುದಿಯನ್ನು ಮತ್ತೆ ಮತ್ತೆ ಉಜ್ಜಿದರು. "ತಂಗಿ ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ," ಎಂದೆ. ಎಂದ ಕೂಡಲೇ ನನ್ನ ಮೇಲೆ ನನಗೇ ಸಿಟ್ಟು ಬಂತು. "ಮಾವ, ಅವತ್ತು ಚೀಲದಲ್ಲಿದ್ದ ಸೌಟು?"

ಅವರ ಕೈ ನಿಂತಿತು. "ನೋಡಿದ್ಯಲ್ಲ ನೀನು."

"ನೋಡಿದೆ."

"ಯಾರೋ ಒಬ್ಬಾಕೆ ಬಂದು ಶೆಡ್ಡಲ್ಲಿದ್ದದ್ದನ್ನೆಲ್ಲ ಕೊಂಡ್ಲು. ಅದೂ ಹೋಯ್ತು. ಗೋಡೆಗೆ ತೂಗುಹಾಕ್ತಾಳಂತೆ, ಚಂದಕ್ಕೆ. ಅನ್ನ ಬಡಿಸೋ ಅಳತೆ ಇದು ಅಂದೆ. ನಕ್ಕಳು." ಬೂಟನ್ನು ಪಕ್ಕಕ್ಕಿಟ್ಟು ಕೇಳಿದರು: "ನೀನು ಅಮ್ಮನಿಗೆ ಹೇಳ್ಲಿಲ್ವಾ?"

"ಇಲ್ಲ."

"ನಾನೂ ಹೇಳ್ಲಿಲ್ಲ. ಚೀಲದಿಂದ ತೆಗೆದು ಕೈಗೆ ಕೊಡೋಕೆ ಎಷ್ಟು ಹೊತ್ತು ಬೇಕಿತ್ತು, ಹೇಳು? ಬೇಡ ಅಂದುಬಿಟ್ರೆ ಅಂತ ಹೆದರಿದೆ."

ಎದ್ದು ಒಳಗೆ ಹೋಗಿ, ಅಮ್ಮನ ಹಳೆಯ ಸೌಟನ್ನು ತಂದರು. ಬಿರುಕು ಬಿಟ್ಟ ಕುತ್ತಿಗೆಗೆ ತಾಮ್ರದ ತಂತಿ ಸುತ್ತಿದ್ದರು. ಅಮ್ಮನ ಹೆಬ್ಬೆರಳು ಊರುವ ಕಡೆ ಮರ ಸವೆದು ಹಳ್ಳವಾಗಿತ್ತು.

"ಅಳತೆಗೆ ಅಂತ ಇಟ್ಕೊಂಡಿದ್ದೆ. ಇನ್ನು ನನಗ್ಯಾಕೆ? ತಗೊಂಡು ಹೋಗು. ಭಾರ ಎತ್ತಿದ್ರೆ ಮುರಿಯುತ್ತೆ, ಹುಷಾರು."

ಮರುದಿನ ಅಮ್ಮ ಒಲೆಯ ಮುಂದಿದ್ದಾಗ ಹಿತ್ತಲಿನ ನಲ್ಲಿಯಲ್ಲಿ ಹಳೆಯ ಸೌಟು ತುಂಬ ನೀರು ಹಿಡಿದೆ. ಅದನ್ನು ಅಪ್ಪ ತಂದ ಸೌಟಿಗೆ ಸುರಿದೆ. ಆ ಅಗಲ ಬಾಯಿ ನೋಡನೋಡುತ್ತಲೇ ತುಂಬಿ, ನೀರು ನನ್ನ ಪಾದದ ಮೇಲೆ ಹರಿಯಿತು. ಹಳೆಯದರಲ್ಲಿ ಇನ್ನೂ ಅರ್ಧದ ಹತ್ತಿರ ಮಿಕ್ಕಿತ್ತು. ಮತ್ತೊಮ್ಮೆ ಮಾಡಿದೆ. ಮತ್ತೆ ಪಾದ ಒದ್ದೆಯಾಯಿತು. ಟೈಲರಿನ ಬನ್ನು, ಅಪ್ಪನ ಕಡಲೆಕಾಯಿ, ಅಜ್ಜಿಯ ಬಿಸ್ಕತ್ತು, ನನ್ನ ಹೊಟ್ಟೆ ಎಲ್ಲವೂ ಆ ಮಿಕ್ಕ ನೀರಿನಲ್ಲಿದ್ದವು. ಒಳಗೆ ಅಮ್ಮ ಕೆಮ್ಮುತ್ತ ಒಗ್ಗರಣೆ ಹಾಕುತ್ತಿದ್ದಳು. ಈಗಲೇ ಹೋಗಿ ಹೇಳು ಅಂದುಕೊಂಡೆ. ಸೌಟನ್ನು ಸೆರಗಿನಲ್ಲಿ ಒರೆಸಿ, ಅಲ್ಲೇ ಮುಚ್ಚಿಕೊಂಡು ನಿಂತೆ.

ಆ ಮಧ್ಯಾಹ್ನ ಟೈಲರ್ ಮತ್ತು ಪ್ರೆಸ್ಸಿನವರಿಬ್ಬರು ಮಾತ್ರ ಬಂದರು.

"ಬೆಂಚು ಖಾಲಿ ಇದೆಯಲ್ಲ, ನೀವೂ ಕೂತ್ಕೊಳ್ಳಿ," ಎಂದು ಅಮ್ಮ ಅಪ್ಪನನ್ನೂ ಅಜ್ಜಿಯನ್ನೂ ಕರೆದಳು. "ನೀನೂ ಕೂತ್ಕೋ. ಇನ್ನು ಯಾರಿಗೆ ತಟ್ಟೆ ಇಡಬೇಕು?"

ನಾನು ಟೈಲರಿನ ಎದುರು ಕೂತೆ. ಹಳೆಯ ಸೌಟು ನನ್ನ ಮಡಿಲಲ್ಲಿ, ಸೆರಗಿನ ಕೆಳಗೆ. ಅಮ್ಮ ಬಡಿಸುತ್ತ ಬಂದಳು. ಎಣಿಸುವುದನ್ನೂ ಬಿಟ್ಟಿದ್ದಳು. ಅಮ್ಮಾ, ಸೌಟಿನ ಅಳತೆ ವ್ಯತ್ಯಾಸ ಆಗಿದೆ, ಎಂದು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಅದು ಪರೀಕ್ಷೆಯ ಉತ್ತರದ ಹಾಗಿತ್ತು. ಅಪ್ಪನದು ತಪ್ಪಲ್ಲ ಎಂದು ಸೇರಿಸಿದೆ. ಮಾವ ಬಂದಿದ್ದರು, ಚೀಲದಲ್ಲಿ ಸೌಟಿತ್ತು ಎಂದು ಸೇರಿಸಿದೆ. ಅಷ್ಟರಲ್ಲಿ ನನ್ನ ತಟ್ಟೆ ಖಾಲಿಯಾಗಿತ್ತು. ಎಲ್ಲರ ತಟ್ಟೆಯೂ ಖಾಲಿಯಾಗಿತ್ತು. ಎಲ್ಲರೂ ಬೆರಳಿನಿಂದ ತಟ್ಟೆಯ ತಳ ಬಳಿಯುತ್ತಿದ್ದರು.

ಅಮ್ಮ ಪಾತ್ರೆಯನ್ನು ಸೊಂಟಕ್ಕೆ ಆನಿಸಿಕೊಂಡು ನಿಂತಳು. ಇಷ್ಟು ವರ್ಷದಲ್ಲಿ ಅವಳು ಯಾರನ್ನೂ ಕೇಳದ ಮಾತನ್ನು ಟೈಲರನ್ನು ಕೇಳಿದಳು.

"ಹೊಟ್ಟೆ ತುಂಬ್ತಾ?"

"ತುಂಬ್ತು ಅಮ್ಮಾವ್ರೇ, ತುಂಬ್ತು," ಎಂದರು ಟೈಲರ್, ತಟ್ಟೆ ನೋಡುತ್ತ.

"ನಿಮಗೆ?"

"ಭರ್ತಿ," ಎಂದರು ಅಪ್ಪ. ಸುಳ್ಳು ತೇಗನ್ನೂ ತಂದುಕೊಂಡರು.

"ಅತ್ತೆ, ನಿಮಗೆ?"

"ನನಗೇನಮ್ಮ, ಈ ವಯಸ್ಸಿಗೆ ಇಷ್ಟು ಸಾಕು."

ಅಮ್ಮ ನನ್ನ ಕಡೆ ತಿರುಗಿದಳು. ಕೇಳಬೇಕಾದ ಮಾತನ್ನು ಅವಳು ಬಾಯಿಬಿಟ್ಟು ಕೇಳಲಿಲ್ಲ, ಕಣ್ಣಲ್ಲೇ ಕೇಳಿದಳು. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಜೋಡಿಸಿಟ್ಟ ಮಾತೆಲ್ಲ ಎಲ್ಲಿಗೋ ಹೋಯಿತು.

ಮಡಿಲಿನಿಂದ ಸೌಟನ್ನು ತೆಗೆದು ತಟ್ಟೆಯ ಪಕ್ಕದಲ್ಲಿಟ್ಟೆ.

"ಇಲ್ಲಮ್ಮ," ಎಂದೆ. "ನನಗಿನ್ನೂ ಹಸಿವಾಗ್ತಿದೆ."